ಹಂಗಾಮು ತಪ್ಪದಿರಲಿ: ಹುಬ್ಬಳ್ಳಿಯ ಮಹಾಜನರಲ್ಲಿ ವಿಜ್ಞಾಪನೆ



ದೀಪಾವಳಿಯ ಹಣತೆಗಳು ಆರುವ ಹೊತ್ತಿಗೆ ನಮ್ಮ ಬೀದಿಯ ಅಂಚಿನಲ್ಲಿ ಬಿದಿರು ನೆಟ್ಟು, ತಾಡಪತ್ರಿ ಹೊದಿಸಿ, ಸ್ವೆಟರುಗಳನ್ನೂ ಕುಲಾವಿಗಳನ್ನೂ ಶಾಲುಗಳನ್ನೂ ತೂಗಹಾಕಿ, ಸಂಕ್ರಾಂತಿಯವರೆಗೆ ಅವುಗಳ ನಡುವೆ ಮಂದಹಾಸದಿಂದ ಕುಳಿತಿರುತ್ತಿದ್ದ ಟಿಬೇಟಿನ ತಾಯಿಯನ್ನು ತಾವೆಲ್ಲರೂ ಬಲ್ಲಿರಿ. ಅವರ ಭಾಷೆಯಲ್ಲಿ ತಾಯಿಯನ್ನು ‘ಅಮಲಾ’ ಎಂದು ಕರೆಯುವರೆಂದು ತಿಳಿದಂದಿನಿಂದ ನಮ್ಮ ಮಕ್ಕಳೂ ಆಕೆಯನ್ನು ಹಾಗೆಯೇ ಕರೆಯುತ್ತ ಬಂದಿದ್ದಾರೆ. ಈ ವರ್ಷ ಅಮಲಾ ಅವರ ಮೂತ್ರಪಿಂಡಗಳೆರಡೂ ಸೋತಿವೆ. ವಾರಕ್ಕೆ 3 ಸಲ, ಪ್ರತಿಸಲವೂ ಸುಮಾರು 4 ಗಂಟೆ, ಡಯಾಲಿಸಿಸ್ ಎಂಬ ರಕ್ತಶೋಧನೆಯ ಯಂತ್ರದ ಮಗ್ಗುಲಲ್ಲಿ ಅವರು ಮಲಗಬೇಕು. ಎದ್ದ ಮೇಲೆ ಆ ದಿನವೆಲ್ಲ ಕೈಕಾಲುಗಳಲ್ಲಿ ತ್ರಾಣವಿರದು. ಮಂಗಳವಾರ, ಗುರುವಾರ, ಶನಿವಾರ ಅಂಗಡಿಯ ಪರದೆ ಇಳಿದೇ ಇರುತ್ತದೆ.

1959ರಲ್ಲಿ ಸ್ವದೇಶವನ್ನು ತೊರೆದು, ಹಿಮಾಲಯವನ್ನು ದಾಟಿ ಬಂದ ಜನರಿಗೆ ಅಂದಿನ ಮೈಸೂರು ರಾಜ್ಯವು ಮೊದಲು ಬೈಲಕುಪ್ಪೆಯಲ್ಲಿ, ಬಳಿಕ 1966ರಲ್ಲಿ ಮುಂಡಗೋಡದಲ್ಲಿ ನೆಲವನ್ನಿತ್ತಿತು. ಕಾಡನ್ನು ಸವರಿ, ಕಂಡರಿಯದ ಮಳೆಯನ್ನೂ ಬಿಸಿಲನ್ನೂ ಸಹಿಸಿ, ಗೋವಿನಜೋಳ ಬೆಳೆಯುವುದನ್ನು ಕಲಿತ ಆ ಮೊದಲ ತಲೆಮಾರಿನ ಮಗಳು ಈಕೆ. ಮಳೆಯನ್ನು ನಂಬಿದ ಒಂದೇ ಬೆಳೆಯಿಂದ ವರ್ಷ ಸಾಗದಾದುದರಿಂದ, ಸುಗ್ಗಿ ಮುಗಿದೊಡನೆ ಊರೂರಿಗೆ ಹೋಗಿ ಉಣ್ಣೆಯ ಬಟ್ಟೆ ಮಾರುವುದು ಅವರ ಜೀವನಕ್ರಮವಾಯಿತು.

ಈ ವ್ಯಾಪಾರದ ಒಳಗುಟ್ಟನ್ನು ತಿಳಿಯದೆ ಅಮಲಾ ಅವರ ಸಂಕಟದ ಪೂರ್ಣಸ್ವರೂಪ ನಮಗೆ ಗೋಚರಿಸದು. ಲೂಧಿಯಾನದ ಸಗಟು ವರ್ತಕರು ಹಂಗಾಮಿನ ಆರಂಭದಲ್ಲಿ ಸರಕನ್ನು ಉದ್ದರಿ ಕೊಡುವರು. ಮಾರಿ ಬಂದ ಹಣದಿಂದ ಹಂಗಾಮಿನ ಕೊನೆಗೆ ಇವರು ಅದನ್ನು ತೀರಿಸುವರು. ಪುನರ್ವಸತಿಯ ನೆಲ ಗುತ್ತಿಗೆಯದಾದುದರಿಂದ ಅದನ್ನು ಅಡವಿಡುವಂತಿಲ್ಲ. ಕೊಟ್ಟ ಮಾತೊಂದೇ ಅವರ ಬಂಡವಾಳ. ಆ ಮಾತು ಒಂದು ವರ್ಷ ತಪ್ಪಿದರೆ ಮರುವರ್ಷದ ಸರಕಿಗೂ ಸಂಚಕಾರ ಬಂದಂತೆಯೇ. ಚಳಿಯಂತೂ ಯಾರ ಕಾಯಿಲೆಗೂ ಕಾಯುವುದಿಲ್ಲ. ಆದುದರಿಂದ ಆಸ್ಪತ್ರೆಯ ವೆಚ್ಚಕ್ಕೆಂದು ಒಮ್ಮೆ ಹಣ ಕೂಡಿಸಿ ಕೊಟ್ಟು ಕೈತೊಳೆದುಕೊಂಡರೆ ನಾವು ರೋಗಿಯ ಒಂದು ತಿಂಗಳನ್ನು ಉಳಿಸಿದೆವೇ ಹೊರತು ಅವರ ಬದುಕನ್ನು ಉಳಿಸಿದಂತಾಗಲಿಲ್ಲ.

ಇದಕ್ಕೆ ನಮ್ಮ ಹಿರಿಯರೇ ದಾರಿ ತೋರಿಸಿದ್ದಾರೆ. ಬಿತ್ತನೆಯ ಹೊತ್ತಿನಲ್ಲಿ ಒಕ್ಕಲಿಗನೊಬ್ಬ ಹಾಸಿಗೆ ಹಿಡಿದರೆ ನೆರೆಯವರು ತಮ್ಮ ಎತ್ತು ಕೂರಿಗೆಗಳೊಡನೆ ಬಂದು ಅವನ ಹೊಲವನ್ನು ಬಿತ್ತಿಕೊಡುತ್ತಿದ್ದರು. ಕೂಲಿಯ ಮಾತಿರಲಿಲ್ಲ, ಉಪಕಾರದ ಮಾತೂ ಇರಲಿಲ್ಲ. ಅದಕ್ಕೆ ಮುಯ್ಯಾಳು ಎಂದು ಹೆಸರು. ಅಮಲಾ ಅವರಿಗೆ ಈ 3 ತಿಂಗಳೇ ಬಿತ್ತನೆ, ಈ 3 ತಿಂಗಳೇ ಸುಗ್ಗಿ. ನಾವು ಬೇಡುತ್ತಿರುವುದು ಭಿಕ್ಷೆಯನ್ನಲ್ಲ, ಮುಯ್ಯಾಳನ್ನು.

ಮುಯ್ಯಿ ಎಂದ ಮೇಲೆ ನಾವು ಪಡೆದುದೂ ಇರಬೇಕಷ್ಟೆ. ತಿಂಗಳ ಕೊನೆಯಲ್ಲಿ ಕಿಸೆ ಬರಿದಾಗಿದ್ದಾಗ, ‘ಮಗುವಿಗೆ ಮೊದಲು ತೊಡಿಸಿರಿ, ಪಗಾರವಾದ ಮೇಲೆ ಕೊಡಿರಿ’ ಎಂದು ಚೀಟಿಯನ್ನೂ ಬರೆಸಿಕೊಳ್ಳದೆ ಸ್ವೆಟರು ಕೊಟ್ಟ ಕೈ ಅದು. ದೂರದ ವರ್ತಕನು ತನ್ನಲ್ಲಿಟ್ಟ ನಂಬಿಗೆಯನ್ನು ಆಕೆ ನಮಗೂ ಹಂಚಿದಳು.

‘ನಮ್ಮವರಲ್ಲಿಯೇ ರೋಗಿಗಳಿಲ್ಲವೇ?’ ಎಂದು ಕೇಳುವವರಿದ್ದಾರೆ. ಇದ್ದಾರೆ, ಅವರಿಗೂ ಈ ಕ್ರಮವೇ ಸಲ್ಲಬೇಕು. ಆದರೆ ನಮ್ಮ ಸೀಮೆಯ ಮಕ್ಕಳೇ ಗೋವೆಯಲ್ಲಿ, ಪುಣೆಯಲ್ಲಿ, ಮುಂಬಯಿಯಲ್ಲಿ ಪರರ ಬೀದಿಗಳಲ್ಲಿ ದುಡಿದು ಉಣ್ಣುತ್ತಿರುವಾಗ, ಅಲ್ಲಿ ಜ್ವರ ಬಂದು ಮಲಗಿದವನಿಗೆ ನೆರೆಯವರು ಗಂಜಿ ಕೊಡಲೆಂದು ನಾವು ಮನದಲ್ಲಿ ಹರಸುವುದಿಲ್ಲವೇ? ‘ಅವರ ಸಮಾಜದವರೇ ನೋಡಿಕೊಳ್ಳಲಿ’ ಎನ್ನುವವರು ಇದನ್ನು ಗಮನಿಸಬೇಕು: ಈ ತಿಂಗಳುಗಳಲ್ಲಿಯೇ ಆ ಸಮಾಜದ ದುಡಿಯುವ ಮಂದಿ ತಮ್ಮ ತಮ್ಮ ಗಂಟುಗಳೊಡನೆ ಹತ್ತಾರು ಊರುಗಳಲ್ಲಿ ಚೆದರಿಹೋಗಿರುತ್ತಾರೆ. ಇಲ್ಲಿ ಹತ್ತಿರವಿರುವವರು ನಾವು.

ಆದುದರಿಂದ ನಮ್ಮ ಬಿನ್ನಹಗಳು ಇಷ್ಟು:

1. ಡಯಾಲಿಸಿಸ್ ಇರುವ ಆ 3 ದಿನ ಬೆಳಗಿನಿಂದ ರಾತ್ರಿಯವರೆಗೆ ಸರದಿಯಂತೆ ಇಬ್ಬಿಬ್ಬರು ಅಂಗಡಿಯಲ್ಲಿ ಕುಳಿತುಕೊಳ್ಳಬೇಕು.

2. ಈ ವರ್ಷದ ಉಣ್ಣೆಬಟ್ಟೆಯನ್ನು ಇಲ್ಲಿಯೇ, ಚೌಕಾಸಿಯಿಲ್ಲದೆ ಕೊಳ್ಳಬೇಕು. ಹಳೆಯ ಬಾಕಿಯುಳ್ಳವರು ಈಗಲೇ ತೀರಿಸಬೇಕು.

3. ಹಣ ಕೊಡುವವರು ಅಂಗಡಿಯ ವಹಿಯಲ್ಲಿ ಬರೆಸಿಯೇ ಕೊಡಬೇಕು. ಅದು ಮೊದಲು ಚಿಕಿತ್ಸೆಗೆ, ಅನಂತರ ಲೂಧಿಯಾನದ ಲೆಕ್ಕಕ್ಕೆ ಸಲ್ಲುವುದು. ಪ್ರತಿ ರವಿವಾರ ಲೆಕ್ಕವನ್ನು ಅಂಗಡಿಯ ಮುಂದೆ ತೂಗುಹಾಕಲಾಗುವುದು.

4. ಪ್ರೀತಿಯಿಂದಾದರೂ ಎಳನೀರನ್ನೂ ಬಾಳೆಹಣ್ಣನ್ನೂ ತರಬಾರದು. ಅವುಗಳಲ್ಲಿರುವ ಪೊಟ್ಯಾಸಿಯಂ ಅಂಶವನ್ನು ಸೋತ ಮೂತ್ರಪಿಂಡಗಳು ಹೊರಹಾಕಲಾರವು; ಅದು ಹೃದಯಕ್ಕೇ ಅಪಾಯ. ಅದರ ಬದಲು ಆಸ್ಪತ್ರೆಗೆ ಹೋಗಿಬರಲು ಒಂದು ದಿನ ರಿಕ್ಷಾ ತಂದರೆ ಮಹದುಪಕಾರ.

ಸಂಕ್ರಾಂತಿಯಂದು ಕುಸರೆಳ್ಳು ಹಂಚುವಾಗ ಅಮಲಾ ಅವರ ಕೈಯಲ್ಲಿ ತೀರಿದ ಲೆಕ್ಕದ ವಹಿ ಇರಬೇಕು. ಬರುವ ದೀಪಾವಳಿಗೆ ಲೂಧಿಯಾನದವರು ಎಂದಿನಂತೆ ಸರಕನ್ನು ಕಳುಹಿಸಬೇಕು. ಇದು ಅಸಾಧ್ಯವಾದ ಕಾರ್ಯವೇನಲ್ಲ. ಸರದಿಯ ಪಟ್ಟಿ ಅಂಗಡಿಯ ಬಿದಿರಿಗೆ ಕಟ್ಟಿದೆ. ಬರುವ ಮಂಗಳವಾರಕ್ಕೆ ಇನ್ನೂ ಇಬ್ಬರು ಬೇಕಾಗಿದ್ದಾರೆ.

ಇಂತು ವಿನೀತರಾದ,
ಬೀದಿಯ ನಿವಾಸಿಗಳು ಹಾಗೂ ವರ್ತಕರು