ಕೆರೆ ನೋಡಿ ಕೋಲು ಕೊಳ್ಳಿ

ಕೋಲಾರ, ಮಾಲೂರು, ಮುಳಬಾಗಿಲು, ಶ್ರೀನಿವಾಸಪುರದ ಕಡೆ ನೀರು ಎಂದರೆ ಕೆರೆ. ಪಾಲಾರ್ ಹೆಸರಿಗೆ ನದಿ, ವರ್ಷದ ಬಹುಪಾಲು ಅದು ಒಣ ಹಾದಿ. ದಶಕಗಳ ಕಾಲ ನಮ್ಮ ಕೆರೆಗಳ ಅಂಗಳದಲ್ಲಿ ಜಾಲಿ ಬೆಳೆದಿತ್ತು, ಕೊಳವೆಬಾವಿಗಳು ಸಾವಿರ ಅಡಿ ದಾಟಿ ಇಳಿದಿದ್ದವು. 2018ರ ಜೂನ್‌ನಲ್ಲಿ ಬೆಂಗಳೂರಿನ ಸಂಸ್ಕರಿತ ನೀರು ಕೆ.ಸಿ. ವ್ಯಾಲಿ ಯೋಜನೆಯ ಕೊಳವೆಗಳಲ್ಲಿ ಲಕ್ಷ್ಮೀಸಾಗರ ಕೆರೆಗೆ ಬಂತು. ಅಲ್ಲಿಂದ ನರಸಾಪುರದ ಕಡೆಗೆ, ಒಂದು ಕೆರೆ ತುಂಬಿ ಇನ್ನೊಂದಕ್ಕೆ ಹರಿಯಿತು. 2021ರ ನವೆಂಬರ್ ಮಳೆಗೆ, ಕೋಡಿ ಹರಿಯುವುದನ್ನು ಮರೆತೇಬಿಟ್ಟಿದ್ದ ಎಷ್ಟೋ ಕೆರೆಗಳು ಮತ್ತೆ ಕೋಡಿ ಹರಿದವು. ನೀರಿನ ಹಿಂದೆ ಮೀನು ಬಂತು, ಮೀನಿನ ಹಿಂದೆ ಗಾಳ. ಬಿದಿರು ಕಡ್ಡಿ ಹಿಡಿದು ಕೂರುತ್ತಿದ್ದ ಏರಿಗಳ ಮೇಲೆ ಈಗ ರಾಡು-ರೀಲು ಹಿಡಿದ ಯುವಕರಿದ್ದಾರೆ. ಇದು ಒಳ್ಳೆಯ ಬದಲಾವಣೆ. ಆದರೆ ಕೊಳ್ಳುವ ಕ್ರಮ ತಪ್ಪಾಗುತ್ತಿದೆ. ಯಾವುದೋ ಸಮುದ್ರಕ್ಕೋ ದೂರದ ನದಿಗೋ ಮಾಡಿದ ಸಲಕರಣೆಯನ್ನು ಫೋನಿನ ಪರದೆಯಲ್ಲಿ ನೋಡಿ ತರಿಸುವವರೇ ಹೆಚ್ಚು. ಸ್ಪಿನ್ನಿಂಗ್ ರಾಡನ್ನೂ ರೀಲನ್ನೂ ಆರಿಸಬೇಕಾದದ್ದು ಅಂಗಡಿಯ ಪಟ್ಟಿ ನೋಡಿ ಅಲ್ಲ, ನಮ್ಮ ಕೆರೆಯಲ್ಲಿರುವ ಮೀನು ಮತ್ತು ಆ ಕೆರೆಯ ತಳ ನೋಡಿ. ಹಾಗೆ ನೋಡಿದರೆ ಕೋಲಾರದ ಹೆಚ್ಚಿನವರಿಗೆ ಬೇಕಾದದ್ದು ಹಗುರವಾದ, ಮೆತ್ತಗೆ ಬಾಗುವ, ಸಾಧಾರಣ ಬೆಲೆಯ ಒಂದು ಜೋಡಿ.

ಕೆರೆಯಲ್ಲಿ ಇರುವುದು ಯಾವ ಮೀನು ಎಂಬ ಪ್ರಶ್ನೆಯಿಂದಲೇ ಶುರು ಮಾಡೋಣ. ಗುತ್ತಿಗೆ ಕೆರೆಗಳಿಗೆ ಬಿಡುವ ಮರಿಗಳು ಬಹುತೇಕ ಗೆಂಡೆ ಜಾತಿಯವು: ಕಟ್ಲಾ, ರೋಹು, ಮೃಗಾಲ್, ಸಾಮಾನ್ಯ ಗೆಂಡೆ, ಅಲ್ಲಲ್ಲಿ ಹುಲ್ಲುಗೆಂಡೆ. ಜೊತೆಗೆ ಯಾರೂ ಬಿಡದಿದ್ದರೂ ಎಲ್ಲೆಲ್ಲೂ ಹಬ್ಬಿರುವ ಜಿಲೇಬಿ ಇದೆ. ಕಟ್ಲಾ ನೀರಿನ ಮೇಲ್ಪದರದಲ್ಲಿ ಸೂಕ್ಷ್ಮಜೀವಿಗಳನ್ನು ಸೋಸಿ ತಿನ್ನುತ್ತದೆ, ರೋಹು ನಡುನೀರಿನಲ್ಲಿ ಮೇಯುತ್ತದೆ, ಮೃಗಾಲ್ ಮತ್ತು ಸಾಮಾನ್ಯ ಗೆಂಡೆ ತಳದ ಕೆಸರನ್ನು ಕೆದಕುತ್ತವೆ. ಇವುಗಳಲ್ಲಿ ಒಂದೂ ಇನ್ನೊಂದು ಮೀನನ್ನು ಅಟ್ಟಿಸಿಕೊಂಡು ಹೋಗಿ ಹಿಡಿಯುವ ಜಾತಿಯಲ್ಲ. ಸ್ಪಿನ್ನಿಂಗ್ ಎಂಬ ಪದ್ಧತಿ ಹುಟ್ಟಿದ್ದೇ ಬೇಟೆಗಾರ ಮೀನಿಗಾಗಿ. ಮಿನುಗುವ ತಗಡನ್ನೋ ಬಣ್ಣದ ರಬ್ಬರ್ ಮೀನನ್ನೋ ಎಸೆದು ಸುತ್ತಿ ಎಳೆದರೆ ಅದು ಓಡುವ ಮರಿಮೀನಿನಂತೆ ಕಾಣುತ್ತದೆ, ಬೇಟೆಗಾರ ಮೀನು ಎರಗುತ್ತದೆ. ಗೆಂಡೆ ತುಂಬಿದ ಕೆರೆಯಲ್ಲಿ ದಿನವಿಡೀ ತಗಡು ಎಸೆದರೂ ತೋಳು ನೋಯುವುದು ಬಿಟ್ಟರೆ ಸಿಗುವುದು ಕಡಿಮೆ. ಇಲ್ಲಿ ಕೆಲಸ ಮಾಡುವುದು ಕಡಲೆಕಾಯಿ ಹಿಂಡಿ, ತೌಡು, ಹಿಟ್ಟು ಕಲಸಿದ ಉಂಡೆ, ಇಲ್ಲವೇ ಎರೆಹುಳು. ಉಂಡೆಯನ್ನು ಉದುರದಂತೆ ಎಸೆಯಬೇಕು, ಬೆಂಡು ಅಲುಗುವುದನ್ನು ಕಾಯಬೇಕು, ಗೆಂಡೆಯ ಮೆತ್ತನೆಯ ತುಟಿ ಹರಿಯದಂತೆ ಎಳೆಯಬೇಕು. ಅದಕ್ಕೆ ತುದಿಯಿಂದ ನಡುವಿನವರೆಗೂ ನಿಧಾನವಾಗಿ ಬಾಗುವ ರಾಡು ಬೇಕು. ಅಂಗಡಿಯವರು ಇದನ್ನು ಮಾಡರೇಟ್ ಆ್ಯಕ್ಷನ್ ಎನ್ನುತ್ತಾರೆ. ತುದಿ ಮಾತ್ರ ಬಾಗಿ ಉಳಿದದ್ದು ಸಲಾಕೆಯಂತೆ ನಿಲ್ಲುವ ಫಾಸ್ಟ್ ಆ್ಯಕ್ಷನ್ ರಾಡು ಎಸೆಯುವಾಗಲೇ ಉಂಡೆಯನ್ನು ಉದುರಿಸುತ್ತದೆ, ಮೀನು ಕಚ್ಚಿದಾಗ ಗಾಳವನ್ನು ಕಿತ್ತು ತರುತ್ತದೆ. ಹೆಚ್ಚು ಮಾರಾಟಕ್ಕೆ ಕಾಣುವುದು ಈ ಎರಡನೆಯ ಬಗೆ, ಏಕೆಂದರೆ ಕೈಯಲ್ಲಿ ಹಿಡಿದು ಅಲ್ಲಾಡಿಸಿದಾಗ ಅದೇ ಗಟ್ಟಿ ಅನಿಸುತ್ತದೆ.

ಗಟ್ಟಿ ಎಂಬ ಈ ಭ್ರಮೆಯನ್ನು ಸ್ವಲ್ಪ ಬಿಡಿಸಿ ನೋಡಬೇಕು. ರಾಡಿನ ಹಿಡಿಯ ಮೇಲ್ಗಡೆ ಸಣ್ಣ ಅಕ್ಷರದಲ್ಲಿ ಉದ್ದ, ಎಸೆಯಬಹುದಾದ ತೂಕ ಮತ್ತು ದಾರದ ಬಲವನ್ನು ಬರೆದಿರುತ್ತಾರೆ. ಕೊಳ್ಳುವವರು ಓದದೆ ಬಿಡುವುದು ಇದನ್ನೇ, ಓದಲೇಬೇಕಾದದ್ದೂ ಇದನ್ನೇ. ರಾಡು ಎಸೆಯುವುದು ತನ್ನ ಬಾಗಿನಿಂದ: ಹಿಂದಕ್ಕೆ ಬೀಸಿದಾಗ ತುದಿಯ ತೂಕಕ್ಕೆ ಅದು ಬಿಲ್ಲಿನಂತೆ ಬಾಗಬೇಕು, ಮುಂದಕ್ಕೆ ಬಿಟ್ಟಾಗ ಚಿಮ್ಮಬೇಕು. 40 ಗ್ರಾಂನಿಂದ 80 ಗ್ರಾಂ ಎಸೆಯಲೆಂದು ಮಾಡಿದ ರಾಡಿಗೆ 10 ಗ್ರಾಂನ ಬೆಂಡು ಕಟ್ಟಿದರೆ ಅದು ಬಾಗುವುದೇ ಇಲ್ಲ, ಎಷ್ಟು ಜೋರಾಗಿ ಬೀಸಿದರೂ ಎರೆ ಏರಿಯ ಕಲ್ಲಿನ ಬಳಿಯೇ ಬೀಳುತ್ತದೆ. ರೀಲಿನ ವಿಷಯವೂ ಹೀಗೆಯೇ. ಡಬ್ಬಿಯ ಮೇಲೆ 8 ಕಿಲೋ, 10 ಕಿಲೋ ಡ್ರ್ಯಾಗ್ ಎಂದು ದಪ್ಪಕ್ಷರದಲ್ಲಿರುತ್ತದೆ. ಡ್ರ್ಯಾಗ್ ಎಂದರೆ ಮೀನು ಎಳೆದಾಗ ಎಷ್ಟು ಬಲಕ್ಕೆ ದಾರ ಬಿಟ್ಟುಕೊಡಬೇಕು ಎಂದು ನಿರ್ಧರಿಸುವ ಬಿಗಿ. ಅದನ್ನು ದಾರದ ಬಲದ ಕಾಲುಭಾಗದಿಂದ ಮೂರನೇ ಒಂದು ಭಾಗದಷ್ಟಕ್ಕೆ ಇಡುವುದು ರೂಢಿ. ನಮ್ಮಲ್ಲಿ ಸಾಮಾನ್ಯವಾಗಿ ಹಾಕುವ 10 ಪೌಂಡ್ ನೈಲಾನ್ ದಾರ ಸುಮಾರು ನಾಲ್ಕೂವರೆ ಕಿಲೋಗೆ ತುಂಡಾಗುತ್ತದೆ. ಅಂದರೆ ಬೇಕಾದ ಬಿಗಿ ಒಂದೂಕಾಲು, ಒಂದೂವರೆ ಕಿಲೋ ಮಾತ್ರ. ಉಳಿದ ಬಿಗಿಗೆ ಕೊಟ್ಟ ಹಣ ಎಂದೂ ಬಳಕೆಗೆ ಬರುವುದಿಲ್ಲ. ಆ ಒಂದೂವರೆ ಕಿಲೋ ಬಿಗಿ ನಯವಾಗಿ, ತಡವರಿಸದೆ ದಾರ ಬಿಡುತ್ತದೆಯೇ ಎಂಬುದನ್ನು ಅಂಗಡಿಯಲ್ಲೇ ಕೈಯಿಂದ ಎಳೆದು ನೋಡಬಹುದು. ತಡೆದು ತಡೆದು ಬಿಡುವ ರೀಲು ಎಷ್ಟೇ ಹೊಳೆದರೂ ಕೆಳಗಿಡಿ.

ರೀಲು ಎಂಬ ಪದ ಈ ಸೀಮೆಗೆ ಹೊಸದಲ್ಲ. ರೇಷ್ಮೆಗೂಡು ಬಿಚ್ಚಿ ನೂಲು ತೆಗೆಯುವವರನ್ನು ನಾವು ರೀಲರ್ ಎಂದೇ ಕರೆಯುತ್ತೇವೆ. ಸ್ಪಿನ್ನಿಂಗ್ ರೀಲು ಕೂಡ ನೂಲಿನ ಮನೆಯಿಂದಲೇ ಬಂದದ್ದು. ಇಂಗ್ಲೆಂಡಿನ ಬ್ರ್ಯಾಡ್‌ಫರ್ಡ್‌ನಲ್ಲಿ ಉಣ್ಣೆ ಗಿರಣಿ ನಡೆಸುತ್ತಿದ್ದ ಆಲ್‌ಫ್ರೆಡ್ ಇಲ್ಲಿಂಗ್‌ವರ್ತ್ 1905ರಲ್ಲಿ ಅದಕ್ಕೆ ಪೇಟೆಂಟ್ ಪಡೆದರು. ಗಿರಣಿಯ ಕದಿರಿನ ತುದಿಯಿಂದ ನೂಲು ಸರಾಗವಾಗಿ ಕಳಚಿ ಬರುವಂತೆ, ಉರುಳೆ ತಿರುಗದೆಯೇ ದಾರ ಕಳಚುವ ಉಪಾಯ ಅದು. ಅದರಿಂದಾಗಿಯೇ ಹಗುರವಾದ ಎರೆಯನ್ನು ದೂರ ಎಸೆಯುವುದು ಸಾಧ್ಯವಾಯಿತು. ನೈಲಾನ್ ಬರುವ ಮುಂಚೆ ಗಾಳದ ತುದಿಗೆ ಕಟ್ಟುತ್ತಿದ್ದ ಬಲವಾದ ಎಳೆಯೂ ರೇಷ್ಮೆಹುಳುವಿನ ಗ್ರಂಥಿಯಿಂದಲೇ ಎಳೆದದ್ದಾಗಿತ್ತು, ಸ್ಪೇನಿನ ಮುರ್ಸಿಯಾ ಅದಕ್ಕೆ ಹೆಸರಾಗಿತ್ತು. ಈ ಇತಿಹಾಸದಲ್ಲಿ ಕೊಳ್ಳುವವರಿಗೆ ಒಂದು ತಿಳಿವಳಿಕೆ ಇದೆ: ಸ್ಪಿನ್ನಿಂಗ್ ರೀಲು ಹಗುರ ಕೆಲಸಕ್ಕಾಗಿ ಹುಟ್ಟಿದ ಯಂತ್ರ. ಸರಕುಗಳಲ್ಲಿ 2500 ಅಥವಾ 3000 ಎಂದು ಗುರುತಿಸುವ ಅಳತೆಯ ರೀಲು ನಮ್ಮ ಕೆರೆಗಳಿಗೆ ಸಾಕು. ಬೇರಿಂಗ್‌ಗಳ ಎಣಿಕೆಗೆ ಮರುಳಾಗಬೇಡಿ. ಹದಿಮೂರು ಅಗ್ಗದ ಬೇರಿಂಗ್‌ಗಳಿಗಿಂತ ನಾಲ್ಕೈದು ಒಳ್ಳೆಯವು ಹೆಚ್ಚು ಕಾಲ ಬಾಳುತ್ತವೆ.

ಇಷ್ಟೆಲ್ಲ ಯಾಕೆ, ಬಿದಿರು ಕಡ್ಡಿ ಸಾಲದೇ ಎಂದು ಕೇಳುವವರಿದ್ದಾರೆ. ಅವರ ಮಾತಿನಲ್ಲಿ ತಥ್ಯವಿದೆ. ತುಂಬಿದ ಕೆರೆಯ ಏರಿಯ ಬುಡದಲ್ಲಿ ಜಿಲೇಬಿಯನ್ನೂ ಸಣ್ಣ ಮೀನನ್ನೂ ಹಿಡಿಯಲು ಬಿದಿರಿನಷ್ಟು ಚೆನ್ನಾದ ಸಾಧನ ಇನ್ನೊಂದಿಲ್ಲ, ಅಷ್ಟೇ ಬೇಕಾದವರು ಹಣ ಕಳೆಯಬೇಕಾಗಿಲ್ಲ. ಕಡ್ಡಿಯಿಂದ ಮೀನು ಹಿಡಿಯುವುದು ಕನ್ನಡ ನಾಡಿಗೆ ಹಳೆಯ ವಿದ್ಯೆ. ಕಲ್ಯಾಣದ ಚಾಲುಕ್ಯ ದೊರೆ ಮೂರನೇ ಸೋಮೇಶ್ವರ 12ನೇ ಶತಮಾನದಲ್ಲಿ ರಚಿಸಿದ ‘ಮಾನಸೋಲ್ಲಾಸ’ದಲ್ಲಿ ಮತ್ಸ್ಯವಿನೋದ ಎಂಬ ಭಾಗವೇ ಇದೆ. ಯಾವ ಮೀನು ಏನು ತಿನ್ನುತ್ತದೆ, ಅದಕ್ಕೆ ಯಾವ ಎರೆ ಎಂಬುದನ್ನು ಅದು ಜಾತಿಜಾತಿಯಾಗಿ ಹೇಳುತ್ತದೆ. ಮೀನು ನೋಡಿ ಸಲಕರಣೆ ಎಂಬ ನನ್ನ ವಾದ ಅಷ್ಟು ಹಿಂದಿನದು. ಆದರೆ ಬಿದಿರಿಗೆ ಒಂದು ಮಿತಿಯಿದೆ. ಬೇಸಿಗೆಯಲ್ಲಿ ನೀರು ಏರಿಯಿಂದ ದೂರ ಸರಿದಾಗ ಕಡ್ಡಿಗೆ ಅದು ಎಟಕುವುದಿಲ್ಲ. ಅದಕ್ಕಿಂತ ಮುಖ್ಯವಾಗಿ, ನಾಲ್ಕು ಕಿಲೋ ಕಟ್ಲಾ ಕಚ್ಚಿ ಓಡಿದರೆ ಬಿದಿರಿನ ಬಳಿ ಬಿಟ್ಟುಕೊಡಲು ಹೆಚ್ಚಿನ ದಾರವೇ ಇಲ್ಲ. ದಾರ ತುಂಡಾಗುತ್ತದೆ, ಬಾಯಲ್ಲಿ ಗಾಳ ಸಿಕ್ಕಿಸಿಕೊಂಡೇ ಮೀನು ಹೋಗುತ್ತದೆ. ದಾರ ಬಿಟ್ಟು, ದಣಿಸಿ, ಮತ್ತೆ ಸುತ್ತಿಕೊಳ್ಳುವುದಕ್ಕೆ ರೀಲು ಬೇಕು.

ದೊಡ್ಡ ಮೀನಿಗೆ ದೊಡ್ಡ ರಾಡೇ ಬೇಡವೇ ಎಂಬುದು ಇನ್ನೂ ಬಲವಾದ ಆಕ್ಷೇಪ. ಕರ್ನಾಟಕದಲ್ಲಿ ಗಾಳದ ಹವ್ಯಾಸ ಎಂದರೆ ಕಣ್ಮುಂದೆ ಬರುವುದು ಕಾವೇರಿಯ ಭೀಮೇಶ್ವರಿ, ಗಾಲಿಬೋರೆ, ಮಹಶೀರ್ ಎಂಬ ಬಿಳಿಮೀನು. ಮೈಸೂರಿನ ವ್ಯಾನ್ ಇಂಗೆನ್ ಮನೆತನದವರೊಬ್ಬರು 1946ರಲ್ಲಿ ಕಬಿನಿಯಲ್ಲಿ 120 ಪೌಂಡ್, ಅಂದರೆ ಸುಮಾರು 54 ಕಿಲೋ ಮಹಶೀರ್ ಹಿಡಿದದ್ದು ಇಂದಿಗೂ ಮಾತಿನಲ್ಲಿದೆ. ಬಂಡೆಗಳ ನಡುವೆ ನುಗ್ಗುವ ಹೊಳೆಯಲ್ಲಿ ಅಂಥ ಮೀನಿಗೆ ಭಾರಿ ಸಲಕರಣೆ ಬೇಕೇ ಬೇಕು. ನಂಗಲಿಯ ಕೆರೆಯಲ್ಲಾಗಲಿ ಬೇತಮಂಗಲದಲ್ಲಾಗಲಿ ಹೊಳೆಯ ಸೆಳೆತವಿಲ್ಲ, ಬಿಳಿಮೀನೂ ಇಲ್ಲ. ನಿಂತ ನೀರಿನಲ್ಲಿ, 150 ಮೀಟರ್ ದಾರವಿರುವ ರೀಲಿನಲ್ಲಿ, ಐದಾರು ಕಿಲೋ ಗೆಂಡೆಯನ್ನು ತಾಳ್ಮೆಯಿಂದ ಹಗುರ ರಾಡಿನಲ್ಲೇ ದಡ ಸೇರಿಸಬಹುದು. ಆದರೆ ಒಂದು ಮೀನಿನ ವಿಷಯದಲ್ಲಿ ನನ್ನ ವಾದ ನಿಲ್ಲುವುದಿಲ್ಲ, ಅದನ್ನು ಒಪ್ಪಿಕೊಳ್ಳಲೇಬೇಕು. ಕೊರಮೀನು ನಿಜವಾದ ಬೇಟೆಗಾರ. ಜೊಂಡು, ತಾವರೆ ಎಲೆ, ಮುಳುಗಿದ ಜಾಲಿಯ ಬುಡದಲ್ಲಿ ಅವಿತಿದ್ದು ಕಪ್ಪೆಯ ಮೇಲೆ ಎರಗುತ್ತದೆ. ರಬ್ಬರ್ ಕಪ್ಪೆ ಎಸೆದು ಅದನ್ನು ಹಿಡಿಯುವವರು ಕಚ್ಚಿದ ಮರುಕ್ಷಣವೇ ಜೊಂಡಿನಿಂದ ಎಳೆದು ತೆಗೆಯಬೇಕು, ದಾರ ಬಿಟ್ಟುಕೊಟ್ಟರೆ ಅದು ಬುಡಕ್ಕೆ ಸುತ್ತಿಕೊಳ್ಳುತ್ತದೆ. ಅವರಿಗೆ ಗಡುಸಾದ ರಾಡೂ 30 ಪೌಂಡಿನ ಹೆಣೆದ ದಾರವೂ ಬೇಕು. ಕೊರಮೀನೇ ಗುರಿಯೆಂದು ಗೊತ್ತಿದ್ದವರು ಅದನ್ನು ಕೊಳ್ಳಲಿ. ಆದರೆ ಮಳೆಗಾಲದಲ್ಲಿ ಕೆಂಪು ಮರಿಗಳ ಗುಂಪು ನೀರಿನ ಮೇಲೆ ಕುದಿಯುವಂತೆ ಕಂಡಾಗ, ಅದರ ಕೆಳಗೆ ಕಾವಲಿರುವ ತಾಯಿ-ತಂದೆಗೆ ಗಾಳ ಹಾಕಬಾರದು. ಕಾವಲು ಹೋದರೆ ಆ ಮರಿಗಳೆಲ್ಲ ಬೇರೆ ಮೀನುಗಳ ಪಾಲು. ರಾಡಿನ ಜೊತೆ ಈ ಮಾತನ್ನೂ ಹೇಳಿ ಮಾರುವ ಅಂಗಡಿ ನನಗೆ ಬೇಕು.

ಕಾರ್ಬನ್ ಒಳ್ಳೆಯದೋ ಗಾಜಿನ ನಾರು ಒಳ್ಳೆಯದೋ ಎಂಬ ಚರ್ಚೆಯಲ್ಲಿ ಕೋಲಾರಕ್ಕೆ ಮಾತ್ರ ಸಲ್ಲುವ ಕಾರಣವೊಂದಿದೆ. ಕಾರ್ಬನ್ ಹಗುರ, ಸೂಕ್ಷ್ಮ, ಸೊಗಸು, ಎಲ್ಲ ನಿಜ. ಆದರೆ ಕಾರ್ಬನ್ ವಿದ್ಯುತ್ ಹರಿಯಲು ಬಿಡುತ್ತದೆ. ಪಂಪ್‌ಸೆಟ್ಟಿಗೆಂದು ಎಳೆದ ತಂತಿಗಳು ಅಚ್ಚುಕಟ್ಟಿನ ಮೇಲೆ, ಏರಿಯ ಪಕ್ಕದಲ್ಲಿ, ಎಷ್ಟೋ ಕಡೆ ಜೋತುಬಿದ್ದಿರುವ ಜಿಲ್ಲೆಯಿದು. ಎಂಟು ಅಡಿ ಕಾರ್ಬನ್ ರಾಡನ್ನು ತಲೆಯ ಮೇಲಿಂದ ಬೀಸುವವರು ಮೊದಲು ಮೇಲಕ್ಕೆ ನೋಡಬೇಕು, ಗುಡುಗು ಮೊಳಗಿದರೆ ಏರಿ ಇಳಿದುಬಿಡಬೇಕು. ಗಾಜಿನ ನಾರಿನ ಅಥವಾ ಎರಡೂ ಬೆರೆತ ರಾಡು ತುಸು ಭಾರವಾದರೂ ಕಲ್ಲಿಗೆ ತಾಗಿದರೆ ಬೇಗ ಮುರಿಯುವುದಿಲ್ಲ, ಬೆಲೆಯೂ ಕಡಿಮೆ, ಗೆಂಡೆಗೆ ಬೇಕಾದ ಬಾಗೂ ಅದರಲ್ಲಿದೆ. ಮೊದಲ ರಾಡಾಗಿ ನಾನು ಅದನ್ನೇ ಹೇಳುತ್ತೇನೆ. ಉದ್ದ ಏಳೂವರೆ ಅಡಿ ಆಸುಪಾಸಿನಲ್ಲಿರಲಿ: ಏರಿಯ ಕಲ್ಲುಕಟ್ಟಡ ದಾಟಿ ದಾರ ನೀರು ಮುಟ್ಟುತ್ತದೆ, ಜಾಲಿಯ ಕೊಂಬೆಗೂ ಸಿಗುವುದಿಲ್ಲ. ಮಾಲೂರಿನ ಕಡೆ ಇಟ್ಟಿಗೆ-ಹೆಂಚಿಗೆಂದು ಜೇಡಿಮಣ್ಣು ತೆಗೆದ ಕೆರೆಗಳಲ್ಲಿ ಮೊಣಕಾಲುದ್ದದ ನೀರಿನ ಪಕ್ಕದಲ್ಲೇ ಆಳುದ್ದದ ಗುಂಡಿ ಇರುತ್ತದೆ. ಮೀನು ಇರುವುದೂ ಅಲ್ಲೇ, ಅಪಾಯ ಇರುವುದೂ ಅಲ್ಲೇ. ನೀರಿಗಿಳಿಯದೆ ದಡದಿಂದಲೇ ಆ ಗುಂಡಿಯವರೆಗೆ ಎರೆ ಮುಟ್ಟಿಸುವುದೇ ಒಳ್ಳೆಯ ರಾಡಿನ ಮೊದಲ ಉಪಕಾರ.

ಉಳಿಸಿದ ಹಣವನ್ನು ದಾರಕ್ಕೆ ಹಾಕಿ. ನಮ್ಮ ಕಗ್ಗಲ್ಲಿಗೆ ಉಜ್ಜಿದರೆ ಹೆಣೆದ ದಾರ ಬೇಗ ಸವೆಯುತ್ತದೆ, ಒಳ್ಳೆಯ ನೈಲಾನ್ ಹೆಚ್ಚು ತಾಳುತ್ತದೆ. ವರ್ಷಕ್ಕೊಮ್ಮೆ ಬದಲಿಸಿ, ಹಳೆಯದನ್ನು ಮನೆಗೆ ತಂದು ಸಣ್ಣಗೆ ಕತ್ತರಿಸಿ ಕಸಕ್ಕೆ ಹಾಕಿ. ಜೊಂಡಿನಲ್ಲಿ ಬಿಟ್ಟ ನೈಲಾನ್ ವರ್ಷಗಟ್ಟಲೆ ಕೊಳೆಯುವುದಿಲ್ಲ. ಬೆಳ್ಳಕ್ಕಿಯ ಕಾಲಿಗೂ ನೀರುಕಾಗೆಯ ರೆಕ್ಕೆಗೂ ಸುತ್ತಿಕೊಂಡು ಕೊಲ್ಲುತ್ತದೆ.

ಕೊನೆಯ ಆಕ್ಷೇಪ ಸಲಕರಣೆಗೆ ಸಂಬಂಧಿಸಿದ್ದಲ್ಲ, ಆದರೂ ಉತ್ತರ ಕೊಡದೆ ರಾಡು ಕೊಳ್ಳಿರಿ ಎನ್ನುವುದು ಸರಿಯಲ್ಲ. ಮೀನು ಪಾಶುವಾರು ಹಕ್ಕು ಪಡೆದು ಮರಿ ಬಿಟ್ಟ ಗುತ್ತಿಗೆದಾರರ, ಮೀನುಗಾರರ ಸಂಘದವರ ಶ್ರಮವನ್ನು ಹವ್ಯಾಸಿಗಳು ಕದಿಯುವುದಿಲ್ಲವೇ? ಕೇಳದೆ ಹಿಡಿದರೆ ಕದ್ದಂತೆಯೇ. ಕೇಳಿ, ದಿನಕ್ಕಿಷ್ಟು ಎಂದು ಕೊಟ್ಟು ಹಿಡಿದರೆ ಅವರಿಗೂ ಒಂದು ಆದಾಯ. ಎರಡು ಹಂತದಲ್ಲಷ್ಟೇ ಸಂಸ್ಕರಿಸಿದ ನೀರಿನ ಮೀನು ತಿನ್ನಬಹುದೇ ಎಂಬ ಆತಂಕವೂ ಜನರಲ್ಲಿದೆ. ಮೂರನೇ ಹಂತದ ಸಂಸ್ಕರಣೆಗೆ ಈ ಜಿಲ್ಲೆ ಕೇಳುತ್ತಿರುವುದು ನ್ಯಾಯವಾದ ಬೇಡಿಕೆ. ಅದರ ಜೊತೆಗೆ, ಕೆರೆವಾರು ಮೀನಿನ ಪರೀಕ್ಷೆ ನಡೆಸಿ ಫಲಿತಾಂಶವನ್ನು ಏರಿಯ ಮೇಲೇ ಬರೆದು ಹಾಕಬೇಕು. ಅದೇ ಫಲಕದಲ್ಲಿ ಯಾವ ಮೀನಿನ ಮರಿಯನ್ನು ಯಾವ ವರ್ಷ ಬಿಟ್ಟರು, ಪಾಶುವಾರು ಯಾರದು ಎಂಬುದೂ ಇರಲಿ. ಮೀನುಗಾರಿಕೆ ಇಲಾಖೆಗೆ ಇದು ದೊಡ್ಡ ಖರ್ಚಲ್ಲ. ಅಲ್ಲಿಯವರೆಗೆ, ಹೊಸ ರಾಡು-ರೀಲು ಕೊಳ್ಳಲು ಹೊರಟವರು ಹಣ ತೆಗೆಯುವ ಮುಂಚೆ ಒಂದು ಸಂಜೆ ತಮ್ಮ ಊರಿನ ಏರಿಯ ಮೇಲೆ ನಡೆದು ಬನ್ನಿ. ಬಲೆ ಎಳೆಯುವವರನ್ನು ಮಾತಾಡಿಸಿ, ಯಾವ ಮೀನಿದೆ, ತಳದಲ್ಲಿ ಏನಿದೆ, ಯಾರ ಅನುಮತಿ ಬೇಕು ಎಂದು ಕೇಳಿ ತಿಳಿದುಕೊಂಡು ಅಂಗಡಿಗೆ ಹೋಗಿ.