ಮೂಕಜೀವಿಯ ಕೊನೆಯ ದಿನಗಳು



ಮನೆಯಲ್ಲಿ ಸಾಕಿದ ನಾಯಿ ಮುಪ್ಪಾಗಿ, ನೀರು ಸಹ ಗಂಟಲಲ್ಲಿ ಇಳಿಯದೆ ನರಳುವಾಗ ದನದ ಡಾಕ್ಟರರು "ಸೂಜಿ ಕೊಟ್ಟು ಮುಗಿಸೋಣ" ಎನ್ನುತ್ತಾರೆ. ಅಹಿಂಸೆ ಪಾಲಿಸುವ ನಾವು ಏನು ಹೇಳಬೇಕು?

ಪ್ರಶ್ನೆ ಹೊಸದಲ್ಲ. 1928ರಲ್ಲಿ ಸಾಬರಮತಿ ಆಶ್ರಮದಲ್ಲಿ ಗುಣವಾಗದೆ ಒದ್ದಾಡುತ್ತಿದ್ದ ಕರುವಿಗೆ ಗಾಂಧೀಜಿ ಸೂಜಿ ಕೊಡಿಸಿದರು. ಇದೂ ಅಹಿಂಸೆಯೇ ಎಂದರು. ಜೈನರನೇಕರು ಒಪ್ಪಲಿಲ್ಲ. ಇದನ್ನು ಸಲ್ಲೇಖನವೆನ್ನಲೂ ಬಾರದು. ಅದು ತಾನೇ ತಿಳಿದು ಹಿಡಿಯುವ ವ್ರತ. ಮೂಕಪ್ರಾಣಿಯ ಪರವಾಗಿ ನಾವು ಹಿಡಿಯಲಾಗದು.

ಹಾಗೆಂದು, ಪಾಪ ತಪ್ಪಿತೆಂದು ನಮ್ಮ ಕುಂಭಾರಿಯಿಂದ ಒಯ್ದು ಅಕ್ಕಲಕೋಟೆಯ ಹಾದಿಯಲ್ಲಿ ಬಿಟ್ಟುಬರುವುದು ದೊಡ್ಡ ಹಿಂಸೆ. ಹಸಿವು ನೀರಡಿಕೆಗೆ ಹಾಗೆ ಬಿಡುವುದು 1960ರ ಕಾಯಿದೆಯಂತೆ ಅಪರಾಧವೂ ಹೌದು.

ಮೊದಲು ನೋವು ಇಳಿಸುವ ಔಷಧಿ ಕೇಳಿರಿ. ಮಗ್ಗಲು ಬದಲಿಸಿ ಮಲಗಿಸಿರಿ, ಬಾಯಿ ಒದ್ದೆ ಮಾಡಿರಿ. ಸಾಯುತ್ತಿದ್ದ ನಾಯಿಗೆ ಪಂಚನಮಸ್ಕಾರ ಕೇಳಿಸಿದ ಜೀವಂಧರನ ಕಥೆ ನಮಗೆ ಗೊತ್ತು. ಆ ಜೀವಂಧರನ ಚರಿತೆಯನ್ನು ಭಾಸ್ಕರಕವಿ 1424ರಲ್ಲಿಯೇ ಕನ್ನಡದಲ್ಲಿ ಹಾಡಿದ್ದಾನೆ. ನಮ್ಮ ಮನಸ್ಸು ಒಲಿಯುವುದು ಈ ಸೇವೆಗೆ.

ಔಷಧಿಗೂ ನೋವು ಬಗ್ಗದೆ ಸೂಜಿಗೆ ಒಪ್ಪಿದ ಮನೆಯವರನ್ನು ಹಳಿಯಬಾರದು. ಮೊದಲು ಎಚ್ಚರ ತಪ್ಪಿಸುವ ಸೂಜಿ ಕೊಡಿಸಲಿ, ತಲೆ ಸವರುತ್ತ ಹತ್ತಿರವಿರಲಿ. ಅಂಥ ಔಷಧಿ ಹೆಣದಲ್ಲಿ ಉಳಿದು, ತಿಂದ ಹದ್ದು-ನಾಯಿಗಳನ್ನೂ ಕೊಲ್ಲಬಹುದು. ಆದ್ದರಿಂದ ಬಾವಿ-ಹಳ್ಳಗಳಿಂದ ದೂರ, ಆಳವಾದ ಕುಣಿ ತೋಡಿ ಹೂಳಿ, ಮೇಲೆ ಕಲ್ಲು ಹೇರಿರಿ. ಪಟ್ಟಣದವರು ನಗರಪಾಲಿಕೆಯಲ್ಲಿ ವಿಚಾರಿಸಿರಿ.

ಮಕ್ಕಳಿಗೆ "ಎಲ್ಲಿಗೋ ಓಡಿಹೋಯಿತು" ಎನ್ನಬೇಡಿರಿ. ಸತ್ತಿತೆಂದೇ ಹೇಳಿ, ಜೊತೆಗೆ ಕುಳಿತು ಣಮೋಕಾರ ಹೇಳಿಸಿರಿ.