ಬಕ್ಷೀಸು: ಕೊಡುವವನ ಖುಷಿಯೋ, ಪಡೆಯುವವನ ಹಕ್ಕೋ?

ನಮ್ಮ ವರದಿಗಾರರಿಂದ

ಹುಬ್ಬಳ್ಳಿ: ಊಟ ಮುಗಿದ ಮೇಲೆ ಸಪ್ಲಾಯರ್ ಚಿಕ್ಕ ತಟ್ಟೆಯೊಂದರಲ್ಲಿ ಸೋಂಪು, ಸಕ್ಕರೆ ಹಾಗೂ ಬಿಲ್ಲನ್ನು ತಂದಿಡುತ್ತಾನೆ. ಗ್ರಾಹಕ ನೋಟು ಇಡುತ್ತಾನೆ, ಚಿಲ್ಲರೆ ಮರಳಿ ಬರುತ್ತದೆ. ಅದರಲ್ಲಿ ಎಷ್ಟನ್ನು ಜೇಬಿಗಿಳಿಸಬೇಕು, ಎಷ್ಟನ್ನು ತಟ್ಟೆಯಲ್ಲಿಯೇ ಬಿಡಬೇಕು ಎಂಬ ಕ್ಷಣಕಾಲದ ಲೆಕ್ಕಾಚಾರವನ್ನು ಅವಳಿನಗರದಲ್ಲಿ ಮಾಡದವರು ವಿರಳ. ಹತ್ತು ಹೆಜ್ಜೆ ದೂರದಲ್ಲಿ ನಿಂತ ಸಪ್ಲಾಯರ್ ತಟ್ಟೆಯತ್ತ ನೋಡಿಯೂ ನೋಡದಂತೆ ಇರುತ್ತಾನೆ. ಇಬ್ಬರಿಗೂ ಅದು ಮುಜುಗರದ ಗಳಿಗೆ.

ಈ ದೃಶ್ಯ ಈಗ ಅಪರೂಪವಾಗುತ್ತಿದೆ. ಬಿಲ್ಲಿನ ಹಣ ಮೊಬೈಲಿನಿಂದ ನೇರವಾಗಿ ಮಾಲೀಕರ ಖಾತೆಗೆ ಜಮೆಯಾಗುತ್ತದೆ. ಚಿಲ್ಲರೆಯೇ ಇಲ್ಲದ ಮೇಲೆ ತಟ್ಟೆಯಲ್ಲಿ ಬಿಡುವುದೇನು? ಇತ್ತ ಹೋಟೆಲಿನ ಮೇಜಿನಿಂದ ಮರೆಯಾಗುತ್ತಿರುವ ಟಿಪ್ಸ್, ಅತ್ತ ಮೊಬೈಲಿನ ಪರದೆಯ ಮೇಲೆ ಬೇರೆ ರೂಪದಲ್ಲಿ ಪ್ರತ್ಯಕ್ಷವಾಗಿದೆ. ಆಟೊ ಕರೆಯಿರಿ, ಊಟ ತರಿಸಿ, ಹತ್ತು, ಇಪ್ಪತ್ತು, ಮೂವತ್ತು ರೂಪಾಯಿಗಳ ಗುಂಡಿಗಳು ಎದುರಾಗುತ್ತವೆ. ಸೇವೆ ಮಾಡುವವರಿಗೆ ಗ್ರಾಹಕ ಬಕ್ಷೀಸು ಕೊಡಲೇಬೇಕೇ ಎಂಬ ಹಳೆಯ ಪ್ರಶ್ನೆ ಹೀಗೆ ಹೊಸದಾಗಿ ತಲೆಯೆತ್ತಿದೆ.

ಈ ಪ್ರಶ್ನೆಗೂ ಧಾರವಾಡ ಜಿಲ್ಲೆಗೂ ಒಂದು ವಿಶೇಷ ನಂಟಿದೆ. 2025ರಲ್ಲಿ ಮುಂಗಡ ಟಿಪ್ಸ್ ವಿರುದ್ಧ ದನಿಯೆತ್ತಿದ ಕೇಂದ್ರ ಗ್ರಾಹಕ ವ್ಯವಹಾರಗಳ ಸಚಿವ ಪ್ರಲ್ಹಾದ ಜೋಶಿ ಧಾರವಾಡ ಕ್ಷೇತ್ರದ ಸಂಸದರು. ಅದೇ ವರ್ಷ ಗಿಗ್ ಕಾರ್ಮಿಕರ ಕಾನೂನು ರೂಪುಗೊಂಡಾಗ ರಾಜ್ಯದ ಕಾರ್ಮಿಕ ಖಾತೆಯನ್ನು ಹೊತ್ತಿದ್ದ ಸಂತೋಷ್ ಲಾಡ್ ಇದೇ ಜಿಲ್ಲೆಯ ಕಲಘಟಗಿ ಕ್ಷೇತ್ರದ ಶಾಸಕರು. ಒಬ್ಬರದು ಗ್ರಾಹಕನ ಪರವಾದ ಖಾತೆ, ಇನ್ನೊಬ್ಬರದು ದುಡಿಯುವವನ ಪರವಾದ ಖಾತೆ. ಪಕ್ಷಗಳು ಬೇರೆ, ಸರ್ಕಾರಗಳು ಬೇರೆ. ಆದರೆ ಟಿಪ್ಸ್ ಎಂಬ ವಿಷಯವನ್ನು ಅರ್ಥ ಮಾಡಿಕೊಳ್ಳಲು ಈ ಎರಡೂ ಬದಿಗಳನ್ನು ಒಟ್ಟಿಗೆ ನೋಡುವುದು ಅನಿವಾರ್ಯ.

ಸೇವೆಗೆ ಮೊದಲೇ ಮೆಚ್ಚುಗೆ!

ಮೊದಲು ಗ್ರಾಹಕನ ಬದಿ. 2025ರ ಮೇ ತಿಂಗಳಲ್ಲಿ ಕೇಂದ್ರ ಗ್ರಾಹಕ ರಕ್ಷಣಾ ಪ್ರಾಧಿಕಾರವು ಊಬರ್ ಕಂಪನಿಗೆ ನೋಟಿಸ್ ನೀಡಿತು. ಬೇಗ ವಾಹನ ಸಿಗಬೇಕಾದರೆ ಬುಕಿಂಗ್ ಸಮಯದಲ್ಲಿಯೇ ಟಿಪ್ಸ್ ಸೇರಿಸಿ ಎಂದು ಪ್ರಯಾಣಿಕರನ್ನು ಪ್ರೇರೇಪಿಸುವ ಪದ್ಧತಿ ಅದಕ್ಕೆ ಕಾರಣ. ಟಿಪ್ಸ್ ಎಂಬುದು ಸೇವೆಯ ನಂತರ ಸಲ್ಲುವ ಮೆಚ್ಚುಗೆಯೇ ಹೊರತು ಮೊದಲೇ ಕೇಳುವ ಹಕ್ಕಲ್ಲ ಎಂಬುದು ಸಚಿವ ಜೋಶಿಯವರ ನಿಲುವಾಗಿತ್ತು.

ಈ ನಿಲುವಿನಲ್ಲಿ ಹುರುಳಿದೆ. ವಾಹನ ಬರುವ ಮೊದಲೇ ಕೊಡುವ ಹಣ ಮೆಚ್ಚುಗೆ ಹೇಗಾದೀತು? ಅದು ಹರಾಜಿನ ಕೂಗು. ಮಳೆಯಲ್ಲಿ ನಿಂತ ಇಬ್ಬರಲ್ಲಿ ಹೆಚ್ಚು ಕೂಗಿದವನಿಗೆ ಆಟೊ, ಉಳಿದವನಿಗೆ ಮಳೆ. 2025ರ ಡಿಸೆಂಬರ್‌ನಲ್ಲಿ ಕೇಂದ್ರ ರಸ್ತೆ ಸಾರಿಗೆ ಸಚಿವಾಲಯವು ಆ್ಯಪ್ ಆಧಾರಿತ ವಾಹನಗಳ ಮಾರ್ಗಸೂಚಿಗೆ ತಿದ್ದುಪಡಿ ತಂದಿತು. ಅದರಂತೆ ಟಿಪ್ಸ್ ನೀಡುವ ಆಯ್ಕೆ ಪ್ರಯಾಣ ಮುಗಿದ ಮೇಲೆಯೇ ಕಾಣಿಸಬೇಕು, ಕೊಟ್ಟ ಹಣ ಯಾವುದೇ ಕಡಿತವಿಲ್ಲದೆ ಪೂರ್ತಿಯಾಗಿ ಚಾಲಕನಿಗೆ ಸಲ್ಲಬೇಕು.

ಹೋಟೆಲುಗಳ ವಿಷಯದಲ್ಲಿಯೂ ಇಂಥದೇ ಜಗ್ಗಾಟ ನಡೆದಿದೆ. ಬಿಲ್ಲಿಗೆ ತಾನಾಗಿಯೇ ಸೇವಾ ಶುಲ್ಕ ಸೇರಿಸುವುದನ್ನು ನಿಷೇಧಿಸಿ ಪ್ರಾಧಿಕಾರವು 2022ರ ಜುಲೈ 4ರಂದು ಮಾರ್ಗಸೂಚಿ ಹೊರಡಿಸಿತು. ಹೋಟೆಲ್ ಮಾಲೀಕರ ರಾಷ್ಟ್ರೀಯ ಸಂಘಗಳು ನ್ಯಾಯಾಲಯಕ್ಕೆ ಹೋದವು. 2025ರ ಮಾರ್ಚ್ 28ರಂದು ದಿಲ್ಲಿ ಹೈಕೋರ್ಟ್ ಮಾರ್ಗಸೂಚಿಯನ್ನು ಎತ್ತಿಹಿಡಿದು, ಅರ್ಜಿದಾರರಿಗೆ ತಲಾ 1 ಲಕ್ಷ ರೂಪಾಯಿ ದಂಡವನ್ನೂ ವಿಧಿಸಿತು. ಸಂಘಗಳು ಮೇಲ್ಮನವಿಗೆ ಮುಂದಾದವು. ಗ್ರಾಹಕ ತಾನಾಗಿ ಕೊಡುವ ಟಿಪ್ಸ್‌ಗೆ ಈ ತೀರ್ಪಿನಿಂದ ಅಡ್ಡಿಯಿಲ್ಲ. ತೆರಿಗೆಯಂತೆ ಕಾಣಿಸಿ ವಸೂಲಿ ಮಾಡುವುದಷ್ಟೇ ಸಲ್ಲದು.

ಹಾಗಾದರೆ ಪ್ರಶ್ನೆ ಇತ್ಯರ್ಥವಾಯಿತೇ? ಗ್ರಾಹಕನ ಮಟ್ಟಿಗೆ ಆಯಿತು. ಟಿಪ್ಸ್ ಕಡ್ಡಾಯವಲ್ಲ, ಕೇಳುವಂತಿಲ್ಲ, ಬಿಲ್ಲಿನಲ್ಲಿ ಅಡಗಿಸುವಂತಿಲ್ಲ. ಆದರೆ ತಟ್ಟೆ ತಂದಿಟ್ಟವನ ಮಟ್ಟಿಗೆ ಪ್ರಶ್ನೆ ಇಲ್ಲಿಂದಲೇ ಆರಂಭವಾಗುತ್ತದೆ.

ಲೆಕ್ಕಕ್ಕೆ ಸಿಗದ ಗಳಿಕೆ

ಹೋಟೆಲ್ ಉದ್ಯಮ ಕನಿಷ್ಠ ವೇತನ ಕಾನೂನಿನ ವ್ಯಾಪ್ತಿಯಲ್ಲಿದೆ. ಕಾನೂನಿನ ಪ್ರಕಾರ ಸಪ್ಲಾಯರ್‌ನ ಸಂಬಳಕ್ಕೆ ಹೊಣೆ ಮಾಲೀಕರೇ. ಆದರೆ ವ್ಯವಹಾರದಲ್ಲಿ ಬೇರೊಂದು ಮಾತು ಚಾಲ್ತಿಯಲ್ಲಿದೆ. ಸಂಬಳ ಕಡಿಮೆಯಾದರೇನು, ಟಿಪ್ಸ್ ಚೆನ್ನಾಗಿ ಬರುತ್ತದೆ ಎಂಬ ಸಮಾಧಾನದ ಮಾತು ಅದು. ಹಳ್ಳಿಯಿಂದ ಕೆಲಸ ಅರಸಿ ಹುಬ್ಬಳ್ಳಿಯ ಬಸ್ ನಿಲ್ದಾಣದಲ್ಲಿ ಇಳಿದ ತರುಣನಿಗೆ ಆ ಮಾತು ಆಸೆಯನ್ನೂ ಹುಟ್ಟಿಸುತ್ತದೆ. ಇಲ್ಲಿಯೇ ಸೂಕ್ಷ್ಮವಾದ ಮೋಸವಿದೆ. ಮಾಲೀಕ ಕೊಡಬೇಕಾದ ಹಣದ ಒಂದು ಪಾಲು ಗ್ರಾಹಕನ ಮರ್ಜಿಗೆ ವರ್ಗವಾಗಿಬಿಡುತ್ತದೆ.

ಮರ್ಜಿಯ ಹಣಕ್ಕೂ ಸಂಬಳದ ಹಣಕ್ಕೂ ಇರುವ ಅಂತರವನ್ನು ಸುಪ್ರೀಂ ಕೋರ್ಟ್ 2016ರಲ್ಲಿ ಸ್ಪಷ್ಟಪಡಿಸಿದೆ. ಐಟಿಸಿ ಕಂಪನಿಯ ಹೋಟೆಲುಗಳ ಆದಾಯ ತೆರಿಗೆ ಪ್ರಕರಣದಲ್ಲಿ, ಗ್ರಾಹಕರು ಕೊಡುವ ಟಿಪ್ಸ್ ಉದ್ಯೋಗದಾತ ನೀಡುವ ಸಂಬಳವಲ್ಲ ಎಂದು ನ್ಯಾಯಾಲಯ ಹೇಳಿತು. ಅದು ತೆರಿಗೆಯ ಪ್ರಶ್ನೆಯಾಗಿತ್ತು ನಿಜ. ಆದರೆ ಬದುಕಿನ ಲೆಕ್ಕದಲ್ಲಿ ಇದರ ಅರ್ಥ ದೊಡ್ಡದು. ಕೈಗೆ ಬೀಳುವ ಚಿಲ್ಲರೆಯ ಮೇಲೆ ಭವಿಷ್ಯನಿಧಿ ಬೆಳೆಯುವುದಿಲ್ಲ. ರಜೆಯ ದಿನ ಅದು ಸಿಗುವುದಿಲ್ಲ. ಜ್ವರ ಬಂದು ಮಲಗಿದರೆ ಬರುವುದಿಲ್ಲ. ಬ್ಯಾಂಕಿನ ಮುಂದೆ ಸಾಲಕ್ಕೆ ನಿಂತಾಗ ಅದನ್ನು ಆದಾಯವೆಂದು ತೋರಿಸುವುದು ಕಷ್ಟ. ಇಪ್ಪತ್ತು ವರ್ಷ ಟಿಪ್ಸ್ ನಂಬಿ ದುಡಿದವನ ಮುಪ್ಪಿಗೆ ಆ ಇಪ್ಪತ್ತು ವರ್ಷಗಳ ಚಿಲ್ಲರೆ ಏನನ್ನೂ ಉಳಿಸಿರುವುದಿಲ್ಲ.

ಇನ್ನೊಂದು ಅನ್ಯಾಯವೂ ಇದೆ. ಟಿಪ್ಸ್ ಕಣ್ಣಿಗೆ ಕಾಣುವವನಿಗೆ ಮಾತ್ರ. ನಮ್ಮ ಖಾನಾವಳಿಗಳ ಹೆಸರು ನಿಂತಿರುವುದೇ ಬಿಸಿ ಜೋಳದ ರೊಟ್ಟಿಯ ಮೇಲೆ. ಒಲೆಯ ಮುಂದೆ ಕುಳಿತು ರೊಟ್ಟಿ ಬಡಿಯುವ ಹೆಣ್ಣುಮಗಳನ್ನು ಗ್ರಾಹಕ ನೋಡುವುದೇ ಇಲ್ಲ. ಹಿತ್ತಲಲ್ಲಿ ಪಾತ್ರೆ ತೊಳೆಯುವವಳನ್ನಂತೂ ಇಲ್ಲವೇ ಇಲ್ಲ. ರೊಟ್ಟಿಯ ರುಚಿಗೆ ಮೆಚ್ಚಿ ಬಿಟ್ಟ ಹತ್ತು ರೂಪಾಯಿ ರೊಟ್ಟಿ ಬಡಿದವಳನ್ನು ತಲುಪುವ ಖಾತ್ರಿಯಿಲ್ಲ. ಮೆಚ್ಚುಗೆಯೇ ಕೂಲಿಯ ದಾರಿಯಾದರೆ ಮರೆಯಲ್ಲಿ ದುಡಿಯುವವರು ಸದಾ ಹೊರಗೆ ಉಳಿಯುತ್ತಾರೆ.

ಕಣದ ಆಯ, ಮಂಡಿಯ ಹಮಾಲಿ

ದುಡಿದವನ ಪಾಲನ್ನು ಮೊದಲೇ ನಿಗದಿ ಮಾಡುವುದು ಈ ಭಾಗಕ್ಕೆ ಹೊಸದೇನಲ್ಲ. ಹಿಂದೆ ಸುಗ್ಗಿಯಲ್ಲಿ ಕಣದಲ್ಲಿ ರಾಶಿಯಾದಾಗ ಬಡಿಗ, ಕಂಬಾರ, ಕುಂಬಾರ ಮೊದಲಾದ ಆಯಗಾರರಿಗೆ ಕಾಳಿನಲ್ಲಿ ಆಯ ಅಳೆದು ಕೊಡುತ್ತಿದ್ದರು. ಆ ವ್ಯವಸ್ಥೆ ಜಾತಿಯ ಕಟ್ಟಿಗೆ ಒಳಪಟ್ಟಿತ್ತು, ಅದರಲ್ಲಿ ತುಳಿತವೂ ಇತ್ತು. ಅದನ್ನು ಹಾಡಿಹೊಗಳುವ ಅಗತ್ಯವಿಲ್ಲ. ಆದರೂ ಒಂದು ಮಾತನ್ನು ಗಮನಿಸಬೇಕು. ಆಯ ಎಂಬುದು ಪದ್ಧತಿಯಂತೆ ಸಲ್ಲಬೇಕಾದ ಪಾಲಾಗಿತ್ತು. ಹಬ್ಬಹುಣ್ಣಿವೆಗೆ ಕೊಡುವ ಖುಷಿಯ ಇನಾಮು ಅದರ ಮೇಲಿನದು. ಎರಡನ್ನೂ ಒಂದೇ ಎಂದು ಯಾರೂ ತಿಳಿದಿರಲಿಲ್ಲ.

ಇಂದಿಗೂ ಅಮರಗೋಳದ ಎಪಿಎಂಸಿ ಪ್ರಾಂಗಣದಂಥ ಮಾರುಕಟ್ಟೆಗಳಲ್ಲಿ ಚೀಲ ಹೊರುವ ಹಮಾಲಿಯ ಕೂಲಿ ವ್ಯವಹಾರದ ಪಟ್ಟಿಯಲ್ಲಿಯೇ ಬರೆದ ಬಾಬತ್ತು. ಅವನು ವ್ಯಾಪಾರಿಯ ಮುಖ ನೋಡಿ ಬಕ್ಷೀಸಿಗೆ ಕಾಯಬೇಕಿಲ್ಲ. ದರ ಕಡಿಮೆಯೆನಿಸಿದರೆ ಸಂಘ ಕಟ್ಟಿ, ಹೆಚ್ಚಿಸಿ ಎಂದು ಕೇಳಬಹುದು. 2023ರಲ್ಲಿ ಉದ್ಘಾಟನೆಯಾದ ಹುಬ್ಬಳ್ಳಿ ರೈಲು ನಿಲ್ದಾಣದ 1,507 ಮೀಟರ್ ಉದ್ದದ ಪ್ಲಾಟ್‌ಫಾರ್ಮಿನಲ್ಲಿ ಹೊರೆ ಹೊರುವವನಿಗೂ ರೈಲ್ವೆ ಇಲಾಖೆ ನಿಗದಿಪಡಿಸಿದ ದರವೆಂಬುದಿದೆ. ಚೌಕಾಸಿ ನಡೆಯಬಹುದು, ಜಗಳವೂ ಆಗಬಹುದು. ಆದರೆ ಅದು ಕೂಲಿಗಾಗಿ ನಡೆಯುವ ಜಗಳ. ಕೂಲಿ ಕೇಳುವವನು ತಲೆಯೆತ್ತಿ ಕೇಳುತ್ತಾನೆ. ಬಕ್ಷೀಸು ಕೇಳುವವನು ತಲೆ ಕೆರೆಯಬೇಕಾಗುತ್ತದೆ.

ಇದಕ್ಕೆ ವಿರುದ್ಧವಾದ ಉದಾಹರಣೆ ಮನೆಬಾಗಿಲಲ್ಲೇ ಇದೆ. ಅಡುಗೆ ಅನಿಲದ ಸಿಲಿಂಡರಿನ ಬೆಲೆಯಲ್ಲಿ ಮನೆಗೆ ತಲುಪಿಸುವ ಖರ್ಚು ಸೇರಿರುತ್ತದೆ. ಬಿಲ್ಲಿಗಿಂತ ಹೆಚ್ಚು ಕೊಡಬೇಕಿಲ್ಲ ಎಂಬುದು ನಿಯಮ. ಆದರೂ ಸಿಲಿಂಡರ್ ಇಳಿಸಿದವನಿಗೆ ಮೇಲಿಷ್ಟು ಕೊಡುವುದು ಅನೇಕ ಬಡಾವಣೆಗಳಲ್ಲಿ ರೂಢಿಯಾಗಿಬಿಟ್ಟಿದೆ. ಮೂರನೆಯ ಮಹಡಿಗೆ ಭಾರ ಹೊತ್ತು ತಂದವನನ್ನು ನೋಡಿ ಕೊಡುವವರು ಕೆಲವರು, ಮುಂದಿನ ಸಲ ತಡವಾದೀತೆಂಬ ಅಂಜಿಕೆಯಿಂದ ಕೊಡುವವರು ಹಲವರು. ಅಂಜಿಕೆಯಿಂದ ಕೊಟ್ಟ ಹಣವನ್ನು ಬಕ್ಷೀಸು ಎನ್ನಲಾಗದು. ಸರ್ಕಾರಿ ಕಚೇರಿಗಳಲ್ಲಿ ಚಹಾ-ಪಾನಿಯ ಹೆಸರಿನಲ್ಲಿ ನಡೆಯುವ ವಸೂಲಿಗೂ ಇದಕ್ಕೂ ಇರುವ ಗೆರೆ ತೀರ ತೆಳುವಾದದ್ದು.

ಹೊರದೇಶಗಳ ಪಾಠ

ಟಿಪ್ಸ್ ಕೂಲಿಯ ಜಾಗವನ್ನು ಆಕ್ರಮಿಸಿದರೆ ಏನಾಗುತ್ತದೆ ಎಂಬುದನ್ನು ಅಮೆರಿಕ ತೋರಿಸಿಕೊಟ್ಟಿದೆ. ಅಲ್ಲಿ ಒಕ್ಕೂಟದ ಕಾನೂನಿನಂತೆ ಕನಿಷ್ಠ ವೇತನ ಗಂಟೆಗೆ 7.25 ಡಾಲರ್. ಟಿಪ್ಸ್ ಪಡೆಯುವ ಕೆಲಸಗಾರರಿಗೆ ಮಾಲೀಕ ನೇರವಾಗಿ ಕೊಡಬೇಕಾದದ್ದು 2.13 ಡಾಲರ್ ಮಾತ್ರ, ಉಳಿದದ್ದನ್ನು ಟಿಪ್ಸ್ ತುಂಬದಿದ್ದಾಗಷ್ಟೇ ಅವನು ಭರ್ತಿ ಮಾಡಬೇಕು. 1991ರಿಂದ ಆ ಮೊತ್ತ ಬದಲಾಗಿಲ್ಲ. ಹಲವು ರಾಜ್ಯಗಳು ತಮ್ಮಲ್ಲಿ ಹೆಚ್ಚಿನ ವೇತನ ನಿಗದಿಪಡಿಸಿವೆಯಾದರೂ, ಗ್ರಾಹಕ ಟಿಪ್ಸ್ ಕೊಡದಿರುವುದು ಅಲ್ಲಿ ಅಸಭ್ಯತೆಯೇ ಆಗಿದೆ. ಜಪಾನಿನಲ್ಲಿ ಟಿಪ್ಸ್ ಕೊಡುವ ರೂಢಿಯೇ ಇಲ್ಲ. ಅದರಿಂದ ಅಲ್ಲಿನ ಸೇವೆಯ ಗುಣಮಟ್ಟವೇನೂ ಕುಂದಿಲ್ಲ. ಬ್ರಿಟನ್ 2024ರ ಅಕ್ಟೋಬರ್ 1ರಿಂದ ಜಾರಿಗೆ ತಂದ ಕಾನೂನಿನಂತೆ ಗ್ರಾಹಕರು ಬಿಟ್ಟ ಟಿಪ್ಸ್ ಹಣವನ್ನು ಮಾಲೀಕರು ತಾವು ಇಟ್ಟುಕೊಳ್ಳದೆ ಕೆಲಸಗಾರರಿಗೆ ನ್ಯಾಯಯುತವಾಗಿ ಹಂಚಬೇಕು. ಮೊಬೈಲ್ ಪಾವತಿಯ ಈ ಕಾಲದಲ್ಲಿ ನಮಗೆ ಹತ್ತಿರವಾದ ಪಾಠ ಬ್ರಿಟನ್ನಿನದು.

ಇನ್ನೊಂದು ಬದಿಯ ಮಾತು

ಹಾಗಿದ್ದರೆ ಟಿಪ್ಸ್ ನಿಲ್ಲಿಸಿಬಿಡೋಣ ಎನ್ನುವವರಿಗೆ ದುಡಿಯುವವರ ಉತ್ತರ ಸಿದ್ಧವಾಗಿದೆ. ಸಂಬಳ ಹೆಚ್ಚಾಗುವುದು ಎಂದೋ, ಹೊಟ್ಟೆ ಹಸಿಯುವುದು ಇಂದು. ಈ ಮಾತನ್ನು ತಳ್ಳಿಹಾಕಲಾಗದು. ತತ್ವದ ಹೆಸರಿನಲ್ಲಿ ಕೈ ಬಿಗಿಹಿಡಿದ ಗ್ರಾಹಕನಿಂದ ಮಾಲೀಕನಿಗೆ ನಷ್ಟವಿಲ್ಲ. ನಷ್ಟವಾಗುವುದು ಅಂದಿನ ಸಂಜೆ ಬರಿಗೈಯಲ್ಲಿ ಮನೆಗೆ ಹೋಗುವವನಿಗೆ. ತಾನು ಕೊಡದಿರುವುದಕ್ಕೆ ನ್ಯಾಯದ ಕಾರಣ ಕೊಟ್ಟು, ಕಾರ್ಮಿಕರ ವೇತನದ ಪ್ರಶ್ನೆ ಬಂದಾಗ ಬೆಲೆಯೇರಿಕೆಯೆಂದು ಗೊಣಗುವ ಗ್ರಾಹಕನ ನ್ಯಾಯ ಅರ್ಧ ನ್ಯಾಯ.

ಮಾಲೀಕರ ವಾದವನ್ನೂ ಕೇಳಬೇಕು. ಸಣ್ಣ ಖಾನಾವಳಿ ನಡೆಸುವವನು ಬಾಡಿಗೆ, ಸಿಲಿಂಡರ್, ಕಾಳುಕಡಿಗಳ ಬೆಲೆಯ ನಡುವೆ ಹೆಣಗುತ್ತಾನೆ. ಊಟದ ದರಕ್ಕೆ ಐದು ರೂಪಾಯಿ ಏರಿಸಿದರೆ ಪಕ್ಕದ ಅಂಗಡಿಗೆ ಗಿರಾಕಿ ಹೋಗುತ್ತಾನೆ. ಈ ಅಂಜಿಕೆ ನಿಜ. ಆದರೆ ಕನಿಷ್ಠ ವೇತನವನ್ನು ಎಲ್ಲರೂ ಕೊಡುವಂತಾದರೆ ಏರುವ ದರವೂ ಎಲ್ಲರದಾಗುತ್ತದೆ. ಆಗ ಪ್ರಾಮಾಣಿಕನಾದ ಮಾಲೀಕನೊಬ್ಬನೇ ಸೋಲುವ ಪ್ರಮೇಯವಿರದು. ಇದು ಕಾನೂನು ಜಾರಿ ಮಾಡುವವರ ಕೆಲಸ.

ಕಾನೂನು ಬಂತು, ಮುಂದೇನು?

ಈ ದಿಸೆಯಲ್ಲಿ ಕರ್ನಾಟಕ ಇಟ್ಟ ಹೆಜ್ಜೆ ಗಮನಾರ್ಹವಾದದ್ದು. 2023ರಲ್ಲಿ ರಾಜಸ್ಥಾನ ತಂದ ಕಾನೂನಿನ ನಂತರ, 2025ರಲ್ಲಿ ಕರ್ನಾಟಕವು ಮೊದಲು ಸುಗ್ರೀವಾಜ್ಞೆಯ ಮೂಲಕ, ಬಳಿಕ ವಿಧಾನಮಂಡಲದ ಒಪ್ಪಿಗೆಯೊಂದಿಗೆ ಗಿಗ್ ಕಾರ್ಮಿಕರ ಸಾಮಾಜಿಕ ಭದ್ರತೆ ಮತ್ತು ಕಲ್ಯಾಣ ಕಾಯ್ದೆಯನ್ನು ರೂಪಿಸಿತು. ಕಾರ್ಮಿಕನಿಗೆ ಪ್ರತಿ ವಹಿವಾಟಿನಲ್ಲಿ ಸಲ್ಲುವ ಹಣದ ಶೇ 1ರಿಂದ 5ರವರೆಗಿನ ಕಲ್ಯಾಣ ಶುಲ್ಕವನ್ನು ಕಂಪನಿಗಳಿಂದ ಪಡೆಯಲು ಅದರಲ್ಲಿ ಅವಕಾಶವಿದೆ. ಕಲ್ಯಾಣ ಮಂಡಳಿಯಿದೆ. ಕೆಲಸದಿಂದ ತೆಗೆಯುವ ಮುನ್ನ 14 ದಿನಗಳ ನೋಟಿಸ್ ನೀಡಬೇಕೆಂಬ ನಿಯಮವಿದೆ. ಕೇಂದ್ರದ ಸಾಮಾಜಿಕ ಭದ್ರತಾ ಸಂಹಿತೆಯೂ 2025ರ ನವೆಂಬರ್ 21ರಿಂದ ಜಾರಿಗೆ ಬಂದಿತು. ಅದೇ ವರ್ಷದ ಕೊನೆಯ ದಿನ ದೇಶದ ಹಲವೆಡೆ ಗಿಗ್ ಕಾರ್ಮಿಕರು ಮುಷ್ಕರ ಹೂಡಿದಾಗ ಅವರು ಮುಂದಿಟ್ಟದ್ದು ನ್ಯಾಯವಾದ ದರ ಮತ್ತು ಭದ್ರತೆಯ ಬೇಡಿಕೆಗಳನ್ನು. ಹೆಚ್ಚು ಟಿಪ್ಸ್ ಕೊಡಿಸಿ ಎಂದು ಅವರು ಬೀದಿಗಿಳಿಯಲಿಲ್ಲ.

ಆದ್ದರಿಂದ ಗ್ರಾಹಕ ಟಿಪ್ಸ್ ಕೊಡಬೇಕೆಂದು ನಿರೀಕ್ಷಿಸುವುದು ಸರಿಯೇ ಎಂಬ ಪ್ರಶ್ನೆಗೆ ಉತ್ತರ ಸರಿಯಲ್ಲ ಎಂದೇ. ನಿರೀಕ್ಷೆಯ ಭಾರ ಇರಬೇಕಾದದ್ದು ಸಂಬಳ ಕೊಡುವವನ ಮೇಲೆ, ಅದನ್ನು ಕೊಡಿಸಬೇಕಾದ ಕಾರ್ಮಿಕ ಇಲಾಖೆಯ ಮೇಲೆ. ಊಟದ ದರದಲ್ಲಿ, ಪ್ರಯಾಣದ ದರದಲ್ಲಿ ಕೂಲಿ ಸೇರಿರಬೇಕು. ಆ ದರವನ್ನು ತಕರಾರಿಲ್ಲದೆ ತೆರುವುದು ಗ್ರಾಹಕನ ಹೊಣೆ. ಅಲ್ಲಿಯವರೆಗೆ, ಶಕ್ತಿಯಿದ್ದವರು ಕೈಯಲ್ಲಿ ನಾಲ್ಕು ಕಾಸು ಇಡುವುದರಲ್ಲಿ ತಪ್ಪಿಲ್ಲ. ಸಾಧ್ಯವಾದರೆ ನೇರವಾಗಿ ಕೆಲಸಗಾರನ ಕೈಗೇ ಕೊಡಲಿ. ಮೊಬೈಲಿನಲ್ಲಿ ಕೊಡುವುದಾದರೆ ಆ ಹಣ ಯಾರ ಖಾತೆಗೆ ಹೋಗುತ್ತದೆ ಎಂದು ಒಮ್ಮೆ ಕೇಳಲಿ.

ಸೋಂಪಿನ ತಟ್ಟೆಯಲ್ಲಿ ಉಳಿದ ಚಿಲ್ಲರೆ ಅಂದಿನ ಊಟ ರುಚಿಯಾಗಿತ್ತು ಎಂದಷ್ಟೇ ಹೇಳಬೇಕು. ಒಬ್ಬನ ಮಗಳ ಶಾಲೆಯ ಶುಲ್ಕ ಆ ತಟ್ಟೆಯನ್ನು ನಂಬಿ ಕೂರುವಂತಾಗಬಾರದು.